ಒಪ್ಪಿಗೆಯಿಲ್ಲದ ಒಪ್ಪಂದ

ಮೂವತ್ತನಾಲ್ಕು ವರ್ಷಗಳ ಕಾಲ ಜೀವವಿಮೆಯ ಶಾಖಾ ಕಚೇರಿಗಳಲ್ಲಿ ದುಡಿದು ನಿವೃತ್ತನಾದವನು ನಾನು. ಅರ್ಜಿಯ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, 'ಇಲ್ಲೊಂದು, ಇಲ್ಲೊಂದು ಸಹಿ ಹಾಕಿ' ಎಂದು ಎಷ್ಟು ಸಾವಿರ ಜನರಿಂದ ಸಹಿ ಪಡೆದಿದ್ದೇನೋ ಲೆಕ್ಕವಿಲ್ಲ. ಅವರಲ್ಲಿ ಷರತ್ತುಗಳನ್ನು ಪೂರ್ತಿ ಓದಿ ಸಹಿ ಹಾಕಿದವರನ್ನು ಬೆರಳಲ್ಲಿ ಎಣಿಸಬಹುದು. ಆದ್ದರಿಂದ ಸಣ್ಣಕ್ಷರದ ಷರತ್ತುಗಳ ವಿರುದ್ಧ ಮಾತನಾಡುವ ನೈತಿಕ ಅಧಿಕಾರ ನನಗೆ ಎಷ್ಟಿದೆ ಎಂಬ ಅಳುಕಿನಿಂದಲೇ ಇದನ್ನು ಬರೆಯಲು ಕುಳಿತಿದ್ದೇನೆ. ಆದರೆ ಬ್ರಾಡ್‌ಬ್ಯಾಂಡ್ ಸಂಪರ್ಕವೊಂದರ ಕಾರಣಕ್ಕೆ ನಮ್ಮ ಮನೆಯಲ್ಲೂ ಪಕ್ಕದ ರಸ್ತೆಯ ಮನೆಯೊಂದರಲ್ಲೂ ನಡೆದದ್ದನ್ನು ಕಂಡ ಮೇಲೆ, ಸಹಿ ಪಡೆಯುವ ವಿದ್ಯೆಯಲ್ಲಿ ನಾವೆಲ್ಲ ಇನ್ನೂ ಅ ಆ ಇ ಈ ತಿದ್ದುತ್ತಿದ್ದೆವು ಎಂದೇ ಹೇಳಬೇಕಾಗಿದೆ.

2024ರ ಜುಲೈ ತಿಂಗಳು, ಆಷಾಢದ ಒಂದು ಸಂಜೆ. ಬೆಂಗಳೂರಿನ ದಕ್ಷಿಣ ಭಾಗದ ನಮ್ಮ ಹಳೆಯ ಬಡಾವಣೆಯಲ್ಲಿ ಜಿಟಿಜಿಟಿ ಮಳೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಹುಡುಗನೊಬ್ಬ ಗೇಟಿನ ಹೊರಗೆ ನೆನೆಯುತ್ತಾ ನಿಂತಿದ್ದ. ವಯಸ್ಸು ಇಪ್ಪತ್ತೆರಡು ಇಪ್ಪತ್ತಮೂರು ಇದ್ದೀತು. ಒಳಗೆ ಕರೆದೆ. 'ಸಾರ್, ತಿಂಗಳಿಗೆ 499 ರೂಪಾಯಿ, ಟ್ಯಾಕ್ಸ್ ಬೇರೆ. ಕನೆಕ್ಷನ್ ಹಾಕೋದು ಫ್ರೀ, ರೂಟರ್ ಫ್ರೀ, ಡಿಪಾಸಿಟ್ ಇಲ್ಲ. ಬೇಡ ಅನ್ನಿಸಿದ್ರೆ ಯಾವಾಗ ಬೇಕಾದ್ರೂ ನಿಲ್ಲಿಸಿಬಿಡಿ' ಎಂದ. ನನ್ನಾಕೆ ಕೊಟ್ಟ ಕಾಫಿ ಕುಡಿದು, 'ಥ್ಯಾಂಕ್ಸ್ ಅಮ್ಮ' ಎಂದು ಹೇಳಿ ನನ್ನ ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡು ಹೋದ. ಹುಡುಗ ಒಳ್ಳೆಯವನು. ಈಗಲೂ ಹಾಗೆಯೇ ಭಾವಿಸಿದ್ದೇನೆ.

ಮರುದಿನ ಇಬ್ಬರು ಬಂದು ವಿದ್ಯುತ್ ಕಂಬದಿಂದ ತಂತಿ ಎಳೆದು, ಕಿಟಕಿಯ ಚೌಕಟ್ಟಿನಲ್ಲಿ ತೂತು ಕೊರೆದು, ಗೋಡೆಗೆ ಪೆಟ್ಟಿಗೆಯೊಂದನ್ನು ಜೋಡಿಸಿದರು. ಎಲ್ಲ ಮುಗಿದ ಮೇಲೆ ಅವರಲ್ಲೊಬ್ಬ 'ನಿಮ್ಮ ಮೊಬೈಲಿಗೆ ಒಂದು ಒಟಿಪಿ ಬಂದಿರುತ್ತೆ ಸಾರ್, ಹೇಳಿ, ಆಕ್ಟಿವೇಟ್ ಮಾಡ್ತೀನಿ' ಎಂದ. ಆರು ಅಂಕಿಗಳನ್ನು ಓದಿ ಹೇಳಿದೆ. ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ಆ ಆರು ಅಂಕಿಗಳನ್ನು ಉಚ್ಚರಿಸಿದ ಕ್ಷಣದಲ್ಲೇ ನಾನು ಹದಿನಾಲ್ಕು ಪುಟಗಳ ಇಂಗ್ಲಿಷ್ ಕರಾರೊಂದಕ್ಕೆ ಸಹಿ ಹಾಕಿದ್ದೆ ಎಂಬುದು ತಿಳಿದದ್ದು ಐದು ತಿಂಗಳ ನಂತರ.

ಸಂಪರ್ಕವೇನೋ ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ರಸ್ತೆ ಅಗೆದರು, ಮರದ ಕೊಂಬೆ ಕಡಿದರು, ತಂತಿ ತುಂಡಾಯಿತು, ಜೋಡಿಸಿದರು, ಮತ್ತೆ ತುಂಡಾಯಿತು. ಇದು ಬೆಂಗಳೂರಿನವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ನವೆಂಬರಿನಲ್ಲಿ ಹನ್ನೊಂದು ದಿನ ಸಂಪರ್ಕವೇ ಇರಲಿಲ್ಲ. ಡಿಸೆಂಬರ್ ಮೊದಲ ವಾರ 'ಸಾಕು, ನಿಲ್ಲಿಸಿ' ಎಂದು ಫೋನ್ ಮಾಡಿದೆ. ಹಾಗೆ ಹೇಳುವುದಕ್ಕೆ ನಾಲ್ಕು ದಿನಗಳಲ್ಲಿ ಆರು ಕರೆಗಳು ಬೇಕಾದವು. ಸೇರುವವರಿಗೆ ಒಂದು ಗುಂಡಿ, ಬಿಡುವವರಿಗೆ ಒಂಬತ್ತು ಗುಂಡಿ ಎಂಬುದು ಈ ಕಾಲದ ದೂರವಾಣಿ ಸೌಜನ್ಯ. ಕೊನೆಗೆ ಯಾರೋ ಬಂದು ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದರು. ರಸೀದಿ ಕೇಳಿದ್ದಕ್ಕೆ 'ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗುತ್ತೆ ಸಾರ್' ಎಂದರು.

ವಾರ ಕಳೆಯುವಷ್ಟರಲ್ಲಿ ಅಂತಿಮ ಬಿಲ್ಲು ಬಂತು. ಮನ್ನಾ ಮಾಡಿದ್ದ ಅಳವಡಿಕೆ ಶುಲ್ಕದ ವಸೂಲಿ 1,000 ರೂಪಾಯಿ. ರೂಟರ್ ಹಿಂದಿರುಗಿಸದ ಬಾಬ್ತು 1,500 ರೂಪಾಯಿ. ರಿಯಾಯಿತಿ ಹಿಂಪಡೆದ ಬಾಬ್ತು 1,000 ರೂಪಾಯಿ. ಒಟ್ಟು 3,500 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ 630 ರೂಪಾಯಿ ಸೇರಿ 4,130 ರೂಪಾಯಿ. ತಿಂಗಳಿಗೆ ತೆರಿಗೆ ಸೇರಿ 589 ರೂಪಾಯಿಯಂತೆ ಐದು ತಿಂಗಳಿಗೆ ನಾನು ಕಟ್ಟಿದ್ದೇ 2,945 ರೂಪಾಯಿ. ಬಳಸಿದ್ದಕ್ಕಿಂತ ಬಿಟ್ಟದ್ದು ದುಬಾರಿಯಾಯಿತು.

'ರಿಯಾಯಿತಿ ಹಿಂಪಡೆದ ಬಾಬ್ತು' ಎಂದರೇನೆಂದು ಅರ್ಥವಾಗಲು ಒಂದು ದಿನ ಹಿಡಿಯಿತು. ಕೇಳಿ ತರಿಸಿಕೊಂಡ ಪಿಡಿಎಫ್ ಕಡತದ ಒಂಬತ್ತನೆಯ ಪುಟದಲ್ಲಿ ಅದರ ಗುಟ್ಟು ಇತ್ತು. ನನಗೆ ಹೇಳಿದ 499 ರೂಪಾಯಿ ನಿಜವಾದ ದರವಲ್ಲವಂತೆ. ನಿಜವಾದ ದರ 699 ರೂಪಾಯಿ. ಹನ್ನೆರಡು ತಿಂಗಳು ಇರುತ್ತೇನೆಂಬ ವಾಗ್ದಾನದ ಮೇಲೆ ತಿಂಗಳಿಗೆ 200 ರೂಪಾಯಿ ರಿಯಾಯಿತಿ. ವಾಗ್ದಾನ ಮುರಿದರೆ ಅಲ್ಲಿಯವರೆಗೆ ಕೊಟ್ಟ ರಿಯಾಯಿತಿಯನ್ನೆಲ್ಲ ಕಕ್ಕಬೇಕು. ಐದು ತಿಂಗಳಿಗೆ ಸಾವಿರ. ನಾನು ಅಂಥ ವಾಗ್ದಾನವನ್ನು ಯಾವಾಗ ಕೊಟ್ಟೆ ಎಂದು ಕೇಳಿದಾಗ, ಇಂಥ ದಿನ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ನಿಮ್ಮ ಒಟಿಪಿಯ ಮೂಲಕ ಸಮ್ಮತಿ ದಾಖಲಾಗಿದೆ ಎಂಬ ಉತ್ತರ ಬಂತು. ಸೆಕೆಂಡನ್ನೂ ನಮೂದಿಸಿದ್ದರು.

ಈ ಷರತ್ತಿನ ಗಣಿತವನ್ನು ಓದುಗರು ಸ್ವಲ್ಪ ಗಮನಿಸಬೇಕು. ಎರಡನೇ ತಿಂಗಳಿಗೇ ಬಿಟ್ಟರೆ ರಿಯಾಯಿತಿಯ ದಂಡ 400 ರೂಪಾಯಿ. ಆರನೇ ತಿಂಗಳಿಗೆ 1,200. ಹನ್ನೊಂದನೇ ತಿಂಗಳಿಗೆ 2,200. ಗ್ರಾಹಕ ಹೆಚ್ಚು ಕಾಲ ಇದ್ದಷ್ಟೂ ತಂತಿ ಎಳೆದ ಖರ್ಚು, ಪೆಟ್ಟಿಗೆಯ ಬೆಲೆ ಎಲ್ಲ ಕಂಪನಿಗೆ ಹುಟ್ಟುತ್ತಾ ಬರುತ್ತದೆ, ಅಂದರೆ ಅವನು ಬಿಟ್ಟುಹೋದರೆ ಆಗುವ ನಷ್ಟ ಇಳಿಯುತ್ತಾ ಹೋಗುತ್ತದೆ. ದಂಡ ಮಾತ್ರ ಏರುತ್ತಾ ಹೋಗುತ್ತದೆ. ನಷ್ಟಕ್ಕೂ ದಂಡಕ್ಕೂ ಸಂಬಂಧವಿದ್ದಿದ್ದರೆ ಲೆಕ್ಕ ತಿರುಗುಮುರುಗಾಗಿ ಇರಬೇಕಿತ್ತು. ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಂ, ಕರಾರಿನಲ್ಲಿ ಇಂತಿಷ್ಟು ದಂಡ ಎಂದು ಬರೆದಿದ್ದರೂ ಆ ಮೊತ್ತವನ್ನು ಮೀರದ ನ್ಯಾಯೋಚಿತ ಪರಿಹಾರವನ್ನು ಮಾತ್ರ ಪಡೆಯಬಹುದು ಎನ್ನುತ್ತದೆ. ನೂರೈವತ್ತು ವರ್ಷ ಹಳೆಯ ಮಾತು ಇದು. ವಿಮೆಯ ಕಸುಬಿನಲ್ಲಿದ್ದವನಿಗೆ ಇಂಥ ಕಲಮುಗಳು ಬಾಯಿಪಾಠ ಬರುತ್ತವೆ.

ಹಾಗಾಗಿ ಬರೆದೆ. ದೂರು ಕೇಂದ್ರಕ್ಕೆ ಬರೆದು ದೂರಿನ ಸಂಖ್ಯೆ ಪಡೆದೆ. ಟ್ರಾಯ್ 2012ರಲ್ಲಿ ಮಾಡಿದ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ಮೇಲ್ಮನವಿ ಪ್ರಾಧಿಕಾರವನ್ನು ಇಟ್ಟುಕೊಂಡಿರಬೇಕು, ಮನವಿಯನ್ನು 39 ದಿನಗಳೊಳಗೆ ಇತ್ಯರ್ಥಪಡಿಸಬೇಕು. ದೂರಿಗೆ ಸಿದ್ಧ ಉತ್ತರ ಬಂದ ಮೇಲೆ ಆ ಪ್ರಾಧಿಕಾರಕ್ಕೆ ನಾಲ್ಕು ಪುಟ ಬರೆದೆ. 74ನೇ ಕಲಂ, ಸುಪ್ರೀಂ ಕೋರ್ಟಿನ ತೀರ್ಪು, ಹನ್ನೊಂದು ದಿನಗಳ ಸಂಪರ್ಕ ಕಡಿತದ ದಾಖಲೆ, ಎಲ್ಲವನ್ನೂ ಲಗತ್ತಿಸಿದೆ. ಮೂವತ್ತನೇ ದಿನ ಉತ್ತರ ಬಂತು: 'ಗ್ರಾಹಕರೊಂದಿಗಿನ ಬಾಂಧವ್ಯದ ದೃಷ್ಟಿಯಿಂದ ವಿಶೇಷ ಪ್ರಕರಣವೆಂದು ಪರಿಗಣಿಸಿ ಪೂರ್ತಿ ಮೊತ್ತವನ್ನು ಮನ್ನಾ ಮಾಡಲಾಗಿದೆ.'

ನನ್ನ ಕತೆ ಇಷ್ಟೇ ಆಗಿದ್ದರೆ ಅದನ್ನು ಪತ್ರಿಕೆಯವರೆಗೆ ತರುವ ಅಗತ್ಯವಿರಲಿಲ್ಲ. ಗೆದ್ದೆನೆಂಬ ಹೆಮ್ಮೆಯಿಂದ ನಾಲ್ಕಾರು ಜನರಿಗೆ ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಹಾಗೆ ಹೇಳಿಕೊಂಡೂ ಆಗಿತ್ತು.

ನಮ್ಮ ಪಕ್ಕದ ರಸ್ತೆಯಲ್ಲಿ ಹೊಲಿಗೆಯ ಕೆಲಸ ಮಾಡುವ ಹೆಣ್ಣುಮಗಳೊಬ್ಬರಿದ್ದಾರೆ. ಗಂಡ ತೀರಿಕೊಂಡು ಎಂಟು ವರ್ಷ. ಒಬ್ಬಳೇ ಮಗಳು. ಅದೇ ಜುಲೈನಲ್ಲಿ ಅದೇ ಹುಡುಗ ಅವರ ಮನೆಗೂ ಹೋಗಿದ್ದ. ಮಗಳು ದ್ವಿತೀಯ ಪಿಯುಸಿ, ಸಿಇಟಿಗೆ ಓದಬೇಕು, ಮೊಬೈಲಿನ ಡೇಟಾ ಸಾಲುವುದಿಲ್ಲ ಎಂದು ಇವರೂ ಸಂಪರ್ಕ ಹಾಕಿಸಿಕೊಂಡರು. ಅದೇ ಮಾತು, ಅದೇ 499, ಅದೇ ಆರು ಅಂಕಿ. 2025ರ ಏಪ್ರಿಲ್‌ನಲ್ಲಿ ಸಿಇಟಿ ಮುಗಿಯಿತು. ಇನ್ನೇಕೆ ಖರ್ಚು ಎಂದು ಮೇ ಮೊದಲ ವಾರ ನಿಲ್ಲಿಸಿದರು. ಹತ್ತು ತಿಂಗಳು ಒಂದು ದಿನವೂ ತಡಮಾಡದೆ ಹಣ ಕಟ್ಟಿದ್ದ ಅವರಿಗೆ ಬಂದ ಅಂತಿಮ ಬಿಲ್ಲು ಅಳವಡಿಕೆಯ ಬಾಬ್ತು 1,000, ರಿಯಾಯಿತಿ ಹಿಂಪಡೆದ ಬಾಬ್ತು 2,000, ಜಿಎಸ್‌ಟಿ 540, ಒಟ್ಟು 3,540 ರೂಪಾಯಿ.

ಇನ್ನೆರಡು ತಿಂಗಳು ಸಂಪರ್ಕವನ್ನು ಹಾಗೆಯೇ ಬಿಟ್ಟಿದ್ದರೆ ಅವರು ಕಟ್ಟಬೇಕಾಗಿದ್ದದ್ದು 1,178 ರೂಪಾಯಿ. ವರ್ಷದ ಕರಾರು ಇದೆ ಎಂಬ ಒಂದೇ ಒಂದು ವಾಕ್ಯ ಗೊತ್ತಿದ್ದಿದ್ದರೆ ಅವರಿಗೆ ಎರಡು ಸಾವಿರಕ್ಕೂ ಹೆಚ್ಚು ಉಳಿಯುತ್ತಿತ್ತು. ಆ ವಾಕ್ಯವನ್ನು ಹೇಳದೆ ಇದ್ದದ್ದೇ ಇಲ್ಲಿ ಮಾರಾಟವಾದ ಸರಕು.

ಅವರು ಆ ಹಣವನ್ನು ಕಟ್ಟಿದರು. ನನಗೆ ತಿಳಿಯುವ ಹೊತ್ತಿಗೆ ಕಟ್ಟಿ ಆಗಿತ್ತು. ದಿನಕ್ಕೆ ಎರಡು ಕರೆಗಳು ಬರುತ್ತಿದ್ದವಂತೆ, ಒಂದೊಂದು ಸಲ ಒಂದೊಂದು ಭಾಷೆಯಲ್ಲಿ. ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ವಕೀಲರ ಹೆಸರಿನ ನೋಟಿಸು. ಬಾಕಿ ಕಟ್ಟದಿದ್ದರೆ ಸಿಬಿಲ್ ಅಂಕಕ್ಕೆ ಧಕ್ಕೆಯಾಗುತ್ತದೆ, ಮುಂದೆ ಸಾಲ ಹುಟ್ಟುವುದಿಲ್ಲ ಎಂಬ ಸಂದೇಶ. 'ಮಗಳ ಓದಿಗೆ ಬ್ಯಾಂಕಿನಲ್ಲಿ ಸಾಲಕ್ಕೆ ಹಾಕಬೇಕು ಸಾರ್. ಕೋರ್ಟು ಗೀರ್ಟು ಅಂತ ಯಾಕೆ ಬೇಕು ಅಂತ ಕಟ್ಟಿಬಿಟ್ಟೆ' ಎಂದರು. ಎಷ್ಟು ರವಿಕೆ ಹೊಲಿದ ಹಣ ಅದು ಎಂದು ನಾನು ಕೇಳಲಿಲ್ಲ.

ಒಂದೇ ಕಂಪನಿ, ಒಂದೇ ಕರಾರು. ನನಗೆ ಬಾಂಧವ್ಯದ ದೃಷ್ಟಿಯಿಂದ ಪೂರ್ತಿ ಮನ್ನಾ. ಹತ್ತು ತಿಂಗಳು ನಿಯತ್ತಾಗಿ ಕಟ್ಟಿದವರಿಗೆ ವಕೀಲರ ನೋಟಿಸು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆಯುವ ಅಭ್ಯಾಸವೊಂದೇ. ಕಾನೂನಿನ ಮಾತೆತ್ತಿದವನಿಗೆ ತಕ್ಷಣ ಬಿಟ್ಟುಕೊಡಬಲ್ಲ ಮೊತ್ತ ನಿಜವಾದ ಬಾಕಿಯಾಗಿರಲು ಹೇಗೆ ಸಾಧ್ಯ? ಕೇಳಿದವರಿಗೆ ಮನ್ನಾ ಮಾಡಿ, ಕೇಳಲು ಗೊತ್ತಿಲ್ಲದವರಿಂದ ವಸೂಲು ಮಾಡುವುದನ್ನು ಶುಲ್ಕ ಎನ್ನಲಾಗದು. ಅದು ತಿಳಿಯದವರ ಮೇಲೆ ಹಾಕುವ ತೆರಿಗೆ. ನನಗಾದ ಮನ್ನಾ ಕೂಡ ಆ ವ್ಯವಸ್ಥೆಯದೇ ಭಾಗ. ಗದ್ದಲ ಮಾಡಬಲ್ಲವರನ್ನು ಬಾಗಿಲಲ್ಲೇ ಸಮಾಧಾನಪಡಿಸಿ ಕಳಿಸಿದರೆ ತೀರ್ಪು ಬರುವುದಿಲ್ಲ, ತೀರ್ಪು ಬಾರದಿದ್ದರೆ ಷರತ್ತು ಬದಲಾಗುವುದಿಲ್ಲ.

ಕಂಪನಿಗಳ ಪರವಾಗಿಯೂ ಹೇಳಬೇಕಾದದ್ದಿದೆ. ಮನೆಮನೆಗೆ ತಂತಿ ಎಳೆಯಲು ಹಣ ಬೇಕು, ಆಳು ಬೇಕು. ತಿಂಗಳೊಪ್ಪತ್ತಿನಲ್ಲೇ ಗ್ರಾಹಕ ಕೈಬಿಟ್ಟರೆ ಹಾಕಿದ ಬಂಡವಾಳ ಮುಳುಗುತ್ತದೆ. ಆದ್ದರಿಂದ ವರ್ಷದ ಕರಾರು ಕೇಳುವುದು ತಾನಾಗಿ ತಪ್ಪೇನಲ್ಲ. 'ವರ್ಷ ಇದ್ದರೆ 499, ಇಲ್ಲದಿದ್ದರೆ 699' ಎಂದು ಗೇಟಿನ ಬಳಿಯೇ ಹೇಳಿದ್ದರೆ ನಾನಂತೂ 499ನ್ನೇ ಆರಿಸಿಕೊಳ್ಳುತ್ತಿದ್ದೆನೇನೋ. ನನ್ನ ತಕರಾರು ಷರತ್ತು ಇದ್ದುದರ ಬಗ್ಗೆ ಅಲ್ಲ. ಕನ್ನಡದಲ್ಲಿ ಹೇಳಿದ್ದು ಒಂದು, ಇಂಗ್ಲಿಷಿನಲ್ಲಿ ಬರೆದಿದ್ದು ಇನ್ನೊಂದು, ಆ ಎರಡನ್ನೂ ಹೊಲಿದ ದಾರ ಆರು ಅಂಕಿಯ ಒಟಿಪಿ. ಒಪ್ಪಂದವೆಂಬ ಮಾತಿನೊಳಗೇ ಒಪ್ಪುವ ಕ್ರಿಯೆ ಇದೆ. ಯಂತ್ರವನ್ನು ಚಾಲೂ ಮಾಡಲೆಂದು ಹೇಳಿದ ಸಂಖ್ಯೆಯನ್ನು ಒಪ್ಪಿಗೆಯೆಂದು ಬರೆದುಕೊಂಡರೆ ಅದು ಸಹಿ ಹೇಗಾದೀತು?

ಇಂಥ ತಕರಾರನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆಗೆ ನಮ್ಮ ದೇಶ ಉತ್ತರ ಕಂಡುಕೊಂಡ ಬಗೆ ಸ್ವಾರಸ್ಯಕರವಾಗಿದೆ. 1997ರಲ್ಲಿ ಸ್ಥಾಪನೆಯಾದ ಟ್ರಾಯ್ ನಿಯಮ ಮಾಡುತ್ತದೆ, ಆದರೆ ಬಿಡಿ ಗ್ರಾಹಕರ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. 2000ದಲ್ಲಿ ತಿದ್ದುಪಡಿಯ ಮೂಲಕ ದೂರಸಂಪರ್ಕ ವಿವಾದಗಳಿಗೆಂದೇ ನ್ಯಾಯಮಂಡಳಿಯೊಂದು ಬಂತು. ಗ್ರಾಹಕ ವೇದಿಕೆಗೆ ಹೋಗಬಹುದಾದ ಬಿಡಿ ದೂರುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳಿತು. ಸರಿ, ಗ್ರಾಹಕ ವೇದಿಕೆಗೆ ಹೋಗೋಣ ಎಂದರೆ, 2009ರ ಸೆಪ್ಟೆಂಬರ್ 1ರಂದು ಕೇರಳದ ಗ್ರಾಹಕರೊಬ್ಬರ ದೂರವಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 1885ರ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಮಿನಲ್ಲಿ ಮಧ್ಯಸ್ಥಿಕೆಯ ದಾರಿ ಇರುವುದರಿಂದ ಬಿಲ್ಲಿನ ವಿವಾದ ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂದಿತು. ಮಧ್ಯಸ್ಥಿಕೆಗೆ ಹೋಗೋಣ ಎಂದರೆ, ಖಾಸಗಿ ಕಂಪನಿಗಳಿಗೆ ಆ ಕಲಂ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ದೂರಸಂಪರ್ಕ ಇಲಾಖೆಯೇ ಪತ್ರ ಬರೆಯಿತು. ಮೂರೂ ಬಾಗಿಲುಗಳ ಮೇಲೆ 'ಪಕ್ಕದ ಬಾಗಿಲಲ್ಲಿ ವಿಚಾರಿಸಿ' ಎಂಬ ಫಲಕ. ತಮಾಷೆಯೆಂದರೆ, ಟೆಲಿಗ್ರಾಂ ಸೇವೆ 2013ರ ಜುಲೈನಲ್ಲೇ ನಿಂತುಹೋಗಿತ್ತು. ಟೆಲಿಗ್ರಾಫಿನ ಕಾಯ್ದೆ ಮಾತ್ರ ಮೊಬೈಲ್ ಗ್ರಾಹಕನನ್ನು ಬಾಗಿಲ ಹೊರಗೆ ನಿಲ್ಲಿಸಿಯೇ ಇತ್ತು.

ಈ ಗೋಜಲು ಬಿಡಿಸಿಕೊಂಡದ್ದು 2022ರ ಫೆಬ್ರುವರಿ 16ರಂದು. ಅಹಮದಾಬಾದಿನ ಮೊಬೈಲ್ ಗ್ರಾಹಕರೊಬ್ಬರಿಗೆ ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ಲು ಬರುತ್ತಿತ್ತು. 2013ರ ಕೊನೆಯಲ್ಲಿ ಒಂದು ತಿಂಗಳಿಗೆ 24,609 ರೂಪಾಯಿಯ ಬಿಲ್ಲು ಬಂತು. ಅವರು 2014ರಲ್ಲಿ ಜಿಲ್ಲಾ ವೇದಿಕೆಗೆ ದೂರು ಕೊಟ್ಟರು. ಈ ದೂರನ್ನು ಕೇಳುವ ಅಧಿಕಾರವೇ ವೇದಿಕೆಗೆ ಇಲ್ಲ ಎಂದು ಕಂಪನಿ ಹಂತಹಂತವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ, ಟೆಲಿಗ್ರಾಫ್ ಕಾಯ್ದೆಯ ಮಧ್ಯಸ್ಥಿಕೆಯ ಅವಕಾಶ ಗ್ರಾಹಕ ವೇದಿಕೆಯ ಅಧಿಕಾರವನ್ನು ಕಸಿಯುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. 2023ರ ದೂರಸಂಪರ್ಕ ಕಾಯ್ದೆ ಬಳಕೆದಾರರ ದೂರುಗಳಿಗೆ ಆನ್‌ಲೈನ್ ಪರಿಹಾರ ವ್ಯವಸ್ಥೆಯ ಮಾತನ್ನಾಡುವಾಗಲೂ, ಗ್ರಾಹಕ ರಕ್ಷಣಾ ಕಾಯ್ದೆಯ ಹಕ್ಕಿಗೆ ಅದರಿಂದ ಧಕ್ಕೆಯಿಲ್ಲ ಎಂದು ಸೇರಿಸಿದೆ. ಒಳ್ಳೆಯದೇ. ಆದರೆ ಆ ಅಹಮದಾಬಾದಿನ ಗ್ರಾಹಕರು ದೂರು ಕೊಟ್ಟ ಮೇಲೆ ಎಂಟು ವರ್ಷಗಳ ಹತ್ತಿರಹತ್ತಿರ ಕಾದು ಪಡೆದದ್ದು ತಮ್ಮ ಬಿಲ್ಲಿನ ಬಗೆಗಿನ ತೀರ್ಪನ್ನಲ್ಲ, ಬಿಲ್ಲಿನ ವಿಚಾರಣೆ ನಡೆಯಬಹುದು ಎಂಬ ತೀರ್ಪನ್ನು.

ಇನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ. ಅದರಲ್ಲಿ 'ಅನ್ಯಾಯದ ಕರಾರು' ಎಂಬ ಹೊಸ ಪರಿಕಲ್ಪನೆಯಿದೆ. ಆದ ನಷ್ಟಕ್ಕೆ ಹೋಲಿಸಿದರೆ ತೀರಾ ವಿಪರೀತವೆನಿಸುವ ದಂಡ ವಿಧಿಸುವ ಕರಾರು ಆ ವ್ಯಾಖ್ಯೆಯೊಳಗೆ ನೇರವಾಗಿ ಬರುತ್ತದೆ. ಏರುತ್ತಾ ಹೋಗುವ ನಮ್ಮ ರಿಯಾಯಿತಿ ದಂಡಕ್ಕೆ ಹೇಳಿ ಬರೆಸಿದಂತಿದೆ. ಆದರೆ ಅನ್ಯಾಯದ ಕರಾರು ಎಂಬ ಆಧಾರದ ಮೇಲೆಯೇ ದೂರು ಕೊಡುವುದಾದರೆ ಜಿಲ್ಲಾ ಆಯೋಗಕ್ಕೆ ಹೋಗುವಂತಿಲ್ಲ, ಮೊತ್ತ ಎಷ್ಟೇ ಸಣ್ಣದಿರಲಿ, ರಾಜ್ಯ ಆಯೋಗಕ್ಕೇ ಹೋಗಬೇಕು. ಬೀದರಿನ ಗ್ರಾಹಕನೊಬ್ಬನ 3,540 ರೂಪಾಯಿಯ ಕರಾರು ಅನ್ಯಾಯದ್ದೋ ಅಲ್ಲವೋ ಎಂಬುದನ್ನು ಬೀದರಿನ ಆಯೋಗ ಹೇಳಲಾರದು. ಕಾಯ್ದೆ ಬರೆದವರು ಕೋಟಿ ರೂಪಾಯಿಯ ಫ್ಲ್ಯಾಟುಗಳ ಕರಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೇನೋ. ಸಣ್ಣ ಮೊತ್ತದ ಅನ್ಯಾಯವನ್ನೇ ಜನ ಹೆಚ್ಚಾಗಿ ನುಂಗಿಕೊಳ್ಳುತ್ತಾರೆ ಎಂಬುದು ಅವರಿಗೆ ಹೊಳೆಯಲಿಲ್ಲ.

ನಾನು ಮೊದಲೇ ಹೇಳಿದಂತೆ, ಸಹಿ ಹಾಕಿಸುವ ಕೆಲಸ ಮಾಡಿದವನು. ನಮ್ಮ ಕಸುಬಿನಲ್ಲಿ ಪಾಪಗಳೇನು ಕಡಿಮೆ ಇರಲಿಲ್ಲ. ಆದರೆ ಎರಡು ಕಟ್ಟುಪಾಡುಗಳಿದ್ದವು. ಅರ್ಜಿಯನ್ನು ಗ್ರಾಹಕ ತಾನೇ ತುಂಬದಿದ್ದರೆ, ಅಥವಾ ಕನ್ನಡದಲ್ಲಿ ಸಹಿ ಮಾಡುವವರ ಅರ್ಜಿ ಇಂಗ್ಲಿಷಿನಲ್ಲಿದ್ದರೆ, 'ಇದರಲ್ಲಿರುವುದನ್ನು ನನ್ನ ಭಾಷೆಯಲ್ಲಿ ವಿವರಿಸಲಾಗಿದೆ, ನನಗೆ ಅರ್ಥವಾಗಿದೆ' ಎಂಬ ಘೋಷಣೆಯನ್ನು ಪ್ರತ್ಯೇಕವಾಗಿ ಪಡೆಯಬೇಕಿತ್ತು. ವಿವರಿಸಿದವನೂ ಹೆಸರು ಬರೆದು ಸಹಿ ಹಾಕಬೇಕಿತ್ತು. ಒಮ್ಮೆ ಸಹಿ ಹಾಕಿದ ಮೇಲೆ ಹೊಣೆ ಅವನದು. ಎಷ್ಟೋ ಏಜೆಂಟರು ಆ ಸಾಲಿನ ಭಯಕ್ಕೇ ನಾಲ್ಕು ಮಾತು ಬಿಡಿಸಿ ಹೇಳುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಎರಡನೆಯದು, ಪಾಲಿಸಿ ಕೈಸೇರಿದ ಮೇಲೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸುವ ಅವಕಾಶ. 2002ರ ನಿಯಮಗಳಲ್ಲಿ ಅದಕ್ಕೆ 15 ದಿನ ಇತ್ತು, 2024ರಲ್ಲಿ 30 ದಿನಕ್ಕೆ ಏರಿಸಿದರು. ಕೌಂಟರಿನಲ್ಲಿ ಅಂಥ ಪಾಲಿಸಿಗಳನ್ನು ವಾಪಸು ತೆಗೆದುಕೊಳ್ಳುವಾಗ ಗೊಣಗಿಕೊಂಡಿದ್ದೇನೆ. ಈಗ ಅದರ ಬೆಲೆ ತಿಳಿಯುತ್ತಿದೆ.

ಅಂತರ್ಜಾಲ ಸಂಪರ್ಕದ ನನ್ನ ಕರಾರಿನ ಹದಿನಾಲ್ಕು ಪುಟಗಳಲ್ಲಿ ಈ ಎರಡರ ಪೈಕಿ ಒಂದೂ ಇರಲಿಲ್ಲ. ಏಕೆ ಇರಬಾರದು ಎಂಬುದೇ ನನ್ನ ಪ್ರಶ್ನೆ. ಟ್ರಾಯ್ ಬೇರೆ ವಿಷಯಗಳಲ್ಲಿ ಕಣ್ಣು ಮುಚ್ಚಿ ಕುಳಿತಿಲ್ಲ. ಮೊಬೈಲಿನಲ್ಲಿ ಜೋತಿಷ್ಯ, ಜೋಕು, ಕಾಲರ್ ಟ್ಯೂನುಗಳ ಹೆಸರಿನಲ್ಲಿ ಕೇಳದೆ ಹಣ ಕಡಿಯುತ್ತಿದ್ದ ಕಾಲವನ್ನು ಓದುಗರು ಮರೆತಿರಲಾರರು. 2013ರ ಜುಲೈನಲ್ಲಿ ಪ್ರಾಧಿಕಾರ ಇಂಥ ಮೌಲ್ಯವರ್ಧಿತ ಸೇವೆಗಳಿಗೆ ಗ್ರಾಹಕನಿಂದ ಎರಡು ಬಾರಿ ದೃಢೀಕರಣ ಪಡೆಯಬೇಕೆಂದು ನಿರ್ದೇಶನ ಕೊಟ್ಟಿತು. ತಿಂಗಳಿಗೆ ಮೂವತ್ತು ರೂಪಾಯಿಯ ಕಾಲರ್ ಟ್ಯೂನಿಗೆ ಎರಡು ಬಾರಿ ಒಪ್ಪಿಗೆ ಕೇಳಬೇಕಾದರೆ, ವರ್ಷವಿಡೀ ಕಟ್ಟಿಹಾಕುವ ಕರಾರಿಗೆ ಪ್ರತ್ಯೇಕವಾಗಿ ಒಮ್ಮೆಯಾದರೂ ಕೇಳಬೇಡವೇ? ಯಂತ್ರ ಚಾಲೂ ಮಾಡುವ ಒಟಿಪಿ ಬೇರೆ, ಅವಧಿಗೆ ಒಪ್ಪುವ ಒಟಿಪಿ ಬೇರೆ ಇರಲಿ. ಎರಡನೆಯದರ ಸಂದೇಶದಲ್ಲೇ 'ಅವಧಿ 12 ತಿಂಗಳು, ಮಧ್ಯೆ ಬಿಟ್ಟರೆ ಇಂತಿಷ್ಟು ರೂಪಾಯಿ' ಎಂದು ಗ್ರಾಹಕ ಆರಿಸಿಕೊಂಡ ಭಾಷೆಯಲ್ಲಿ ಬರಲಿ. ಇದಕ್ಕೆ ತಗಲುವ ಖರ್ಚು ಒಂದು ಎಸ್‌ಎಂಎಸ್‌ನದು.

ಬೇರೆ ದೇಶಗಳಲ್ಲಿ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಬ್ರಿಟನ್ನಿನಲ್ಲಿ 2022ರ ಜೂನ್‌ನಿಂದ, ಗ್ರಾಹಕ ಒಪ್ಪುವ ಮೊದಲೇ ದರ, ಅವಧಿ, ವೇಗಗಳನ್ನು ಹೇಳುವ ಚಿಕ್ಕದೊಂದು ಕರಾರು ಸಾರಾಂಶವನ್ನು ಕೊಡಬೇಕೆಂಬ ನಿಯಮ ಬಂತು. ಅಮೆರಿಕದಲ್ಲಿ 2024ರ ಏಪ್ರಿಲ್‌ನಲ್ಲಿ, ಬಿಸ್ಕತ್ತಿನ ಪೊಟ್ಟಣದ ಮೇಲೆ ಪೌಷ್ಟಿಕಾಂಶದ ಪಟ್ಟಿ ಇರುವಂತೆ, ಬ್ರಾಡ್‌ಬ್ಯಾಂಡಿಗೂ ಬೆಲೆ, ಶುಲ್ಕ, ಮಧ್ಯದಲ್ಲಿ ಬಿಟ್ಟರೆ ತೆರಬೇಕಾದ ಮೊತ್ತಗಳನ್ನು ಹೇಳುವ ಪಟ್ಟಿಯನ್ನು ದೊಡ್ಡ ಕಂಪನಿಗಳಿಗೆ ಕಡ್ಡಾಯ ಮಾಡಿದರು. ನಮ್ಮಲ್ಲೂ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ, ಗ್ರಾಹಕರನ್ನು ಮರುಳು ಮಾಡುವ ಹದಿಮೂರು ಬಗೆಯ ಹೂಟಗಳನ್ನು ಹೆಸರಿಸಿದೆ. ಚಂದಾದಾರಿಕೆಯಿಂದ ಹೊರಬರಲು ಬಿಡದಿರುವುದು, ಬೆಲೆಯನ್ನು ತುಣುಕು ತುಣುಕಾಗಿ ಬಿಚ್ಚುವುದು ಎರಡೂ ಆ ಪಟ್ಟಿಯಲ್ಲಿವೆ. ಆದರೆ ಮಳೆಯಲ್ಲಿ ನೆನೆಯುತ್ತಾ ನಿಂತ ಹುಡುಗ ಆಡಿದ ಮಾತು ಯಾವ ಪರದೆಯ ಮೇಲೂ ದಾಖಲಾಗಿಲ್ಲ. ಅಲ್ಲಿ ಸಾಕ್ಷಿಯೇ ಇಲ್ಲ.

ಆ ಹುಡುಗನನ್ನು ಈಚೆಗೆ ಒಮ್ಮೆ ಬಸ್ ನಿಲ್ದಾಣದಲ್ಲಿ ಕಂಡೆ. ಈಗ ಬೇರೆ ಕೆಲಸದಲ್ಲಿದ್ದಾನೆ. 'ಲಾಕ್-ಇನ್ ಇದೆ ಅಂತ ಹೇಳಿದ್ರೆ ಜನ ಯೋಚನೆ ಮಾಡ್ತೀನಿ ಅಂತಾರೆ ಸಾರ್. ಯೋಚನೆ ಮಾಡ್ತೀನಿ ಅಂದವರು ತಗೊಳಲ್ಲ. ಟಾರ್ಗೆಟ್ ಆಗಲ್ಲ' ಎಂದ. ಅವನ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚು ಕಮಿಷನ್ನಿನಿಂದಲೇ ಹುಟ್ಟಬೇಕಿತ್ತಂತೆ. ಅವನನ್ನು ಬೈಯಲು ಮನಸ್ಸಾಗಲಿಲ್ಲ. ಜನ ಯೋಚನೆ ಮಾಡದಿರುವುದರ ಮೇಲೆ ತನ್ನ ಲೆಕ್ಕವನ್ನು ಕಟ್ಟಿಕೊಂಡ ಕಂಪನಿ, ಆ ಲೆಕ್ಕದ ಹೊರೆಯನ್ನು ಹದಿನೈದು ಸಾವಿರ ಸಂಬಳದ ಹುಡುಗನ ನಾಲಗೆಯ ಮೇಲೆ ಹೊರಿಸಿತ್ತು.

ಅಂತರ್ಜಾಲವೇನು ಭೋಗದ ವಸ್ತುವೇ, ಬೇಡವೆಂದರೆ ಬಿಡಬಹುದಲ್ಲ ಎನ್ನುವವರು ಈಗಲೂ ಇದ್ದಾರೆ. ಸಿಇಟಿಯ ಅರ್ಜಿ ಆನ್‌ಲೈನ್, ಸೀಟಿನ ಆಯ್ಕೆ ಆನ್‌ಲೈನ್, ಪಹಣಿ ಆನ್‌ಲೈನ್, ಸೇವಾಸಿಂಧುವಿನ ಅರ್ಜಿಗಳೆಲ್ಲ ಆನ್‌ಲೈನ್. ಕಡೆಗೆ, ಅಂತರ್ಜಾಲದ ಬಿಲ್ಲಿನ ವಿರುದ್ಧ ದೂರು ಸಲ್ಲಿಸುವುದಕ್ಕೂ ಅಂತರ್ಜಾಲವೇ ಬೇಕು.

ಹೊಲಿಗೆಯ ಆ ಹೆಣ್ಣುಮಗಳ ಪರವಾಗಿ ಜಿಲ್ಲಾ ಆಯೋಗಕ್ಕೆ ದೂರು ಸಿದ್ಧಪಡಿಸಿದ್ದೇವೆ. ಅವರು ಮೊದಲು ಒಪ್ಪಲಿಲ್ಲ. 'ಕಟ್ಟಿದ ಹಣ ಹೋಯ್ತು ಬಿಡಿ ಸಾರ್' ಎಂದರು. ಮನ ಒಲಿಸಿದ್ದು ಅವರ ಮಗಳು. ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ತಾವು ವಾಸಿಸುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಎರಡು ವರ್ಷಗಳ ಕಾಲಮಿತಿ ಇದೆ ಎಂದು ಓದಿ ಹೇಳಿದವಳೂ ಅವಳೇ. 'ಅನ್ಯಾಯದ ಕರಾರು' ಎಂದು ಬರೆದರೆ ರಾಜ್ಯ ಆಯೋಗಕ್ಕೆ ಹೋಗಬೇಕಾಗುತ್ತದೆಂದು 'ಅನುಚಿತ ವ್ಯಾಪಾರ ಪದ್ಧತಿ' ಎಂದು ಬರೆದಿದ್ದೇವೆ.

ದೂರಿನಲ್ಲಿ 'ಒಪ್ಪಂದ ಆದ ದಿನಾಂಕ' ಎಂದು ಬರೆಯಬೇಕಾದಲ್ಲಿ ಸ್ವಲ್ಪ ಹೊತ್ತು ನಿಂತೆವು. ಅವರಿಗೆ ನೆನಪಿರಲಿಲ್ಲ. ಮಗಳು ಅಮ್ಮನ ಹಳೆಯ ಮೊಬೈಲಿನಲ್ಲಿ ಹುಡುಕಿ ಆ ಒಟಿಪಿಯ ಸಂದೇಶವನ್ನು ತೆಗೆದಳು. ಅದರಲ್ಲಿ ಹನ್ನೆರಡು ತಿಂಗಳ ಮಾತಿಲ್ಲ, 699ರ ಮಾತಿಲ್ಲ. ಆರು ಅಂಕಿಗಳು, ಅದರ ಕೆಳಗೆ 'ಈ ಸಂಖ್ಯೆಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ' ಎಂಬ ಎಚ್ಚರಿಕೆ. ಝೆರಾಕ್ಸ್ ಅಂಗಡಿಯಲ್ಲಿ ಅದನ್ನು ಮುದ್ರಿಸಿ ನಾಲ್ಕು ಪ್ರತಿ ತೆಗೆಸಿ, ದೂರಿಗೆ ಮೊದಲನೇ ಲಗತ್ತಾಗಿ ಸೇರಿಸಿದ್ದೇವೆ.